ಅರಿಶಿನವಲ್ಲದ ಹಳದಿ

ಎದುರುಮನೆ ಮಾವನ ಕಣ್ಣು ಮಂಜಾದದ್ದು ಯಾರ ದೃಷ್ಟಿ ತಾಗಿಯೂ ಅಲ್ಲ, ಯಾವ ದೇವರ ಮುನಿಸಿನಿಂದಲೂ ಅಲ್ಲ. ಗಾಯಕ್ಕೆ ಚಿಟಿಕೆಯಷ್ಟು ಉದುರಿಸಿಕೊಳ್ಳಿ ಎಂದು ಕೊಟ್ಟ ಪುಡಿಯನ್ನು ಅವರು ತಿಂಗಳುಗಟ್ಟಲೆ ಹಿಡಿಹಿಡಿಯಾಗಿ ತುಂಬಿಕೊಂಡರು. ಗಾಯ ಇರುವುದನ್ನು ಎಲ್ಲರಿಂದ ಮುಚ್ಚಿಟ್ಟರು. ನಡೆದದ್ದು ಅಷ್ಟೇ. ಉಳಿದದ್ದೆಲ್ಲ ಮೊಳಕಾಲ್ಮೂರಿನ ನಮ್ಮ ಬೀದಿಯವರು ಆಮೇಲೆ ಕಟ್ಟಿಕೊಂಡ ಕಥೆ.

ಹೋದ ವಾರ ಮರಿಮಗಳು ಜಗಲಿಯಿಂದ ಬಿದ್ದು ಮೊಣಕಾಲು ಒಡೆದುಕೊಂಡಳು. ಆಸ್ಪತ್ರೆಯಲ್ಲಿ ಹಳದಿ ಪುಡಿ ಹಾಕಿ ಬಟ್ಟೆ ಸುತ್ತಿ ಕಳಿಸಿದ್ದರು. ಮಗು ಬಂದು ನನ್ನ ತೊಡೆಯ ಮೇಲೆ ಕೂತದ್ದೇ ತಡ, ಆ ವಾಸನೆ... ಸಿಹಿಯೂ ಅಲ್ಲ, ಘಾಟೂ ಅಲ್ಲ. ಒಮ್ಮೆ ಮೂಗಿಗೆ ಹತ್ತಿತೆಂದರೆ ಊಟದ ತಟ್ಟೆಯವರೆಗೂ ಹಿಂದೆ ಬರುತ್ತದೆ. ಮೊಮ್ಮಗನ ಹೆಂಡತಿ, "ಯಾಕಜ್ಜಿ, ಸುಮ್ನೆ ಕೂತ್ಬಿಟ್ರಿ?" ಎಂದಳು. ಏನೂ ಇಲ್ಲ ಅಂದೆ. ಅವಳಿಗೆ ಹೇಳಬೇಕೆಂದರೆ ಬಹಳ ಹಿಂದಕ್ಕೆ ಹೋಗಬೇಕು.

ನಾನು ಮದುವೆಯಾಗಿ ಆ ಬೀದಿಗೆ ಬಂದ ಹೊಸತು. ಎರಡೂ ಕಡೆ ನೇಕಾರರ ಮನೆಗಳು, ಮನೆಗೊಂದು ಗುಂಡಿ ಮಗ್ಗ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಗಂಡಸರು ಏಳುತ್ತಿದ್ದದ್ದು ಊಟಕ್ಕೇ. ಬೀದಿಯ ಮಾತು ತೆಲುಗು. ನನ್ನ ತವರು ನನ್ನಿವಾಳ, ಅಲ್ಲಿ ನಮ್ಮದೊಂದೇ ಮಗ್ಗದ ಮನೆ, ಸುತ್ತಲೂ ಕನ್ನಡ. ಅದಕ್ಕೆ ನನ್ನನ್ನು ಎಲ್ಲರೂ ಕನ್ನಡದ ಸೊಸೆ ಎನ್ನುತ್ತಿದ್ದರು. ಇಲ್ಲಿ ಬರೆಯುವ ಮಾತುಗಳಲ್ಲಿ ಮುಕ್ಕಾಲು ಪಾಲು ತೆಲುಗಿನಲ್ಲಿ ಆಡಿದವು. ನನಗೆ ಬರೆಯಲು ಬರುವುದು ಕನ್ನಡವೊಂದೇ, ಅದೂ ಮಗ ಬರೆಯುವಾಗ ಪಕ್ಕದಲ್ಲಿ ಕೂತು ಕಲಿತದ್ದು.

ಎದುರುಮನೆ ಮಾವ ನಮಗೆ ರಕ್ತಸಂಬಂಧವಲ್ಲ. ನನ್ನ ಗಂಡ ಮಾವ ಎನ್ನುತ್ತಿದ್ದರು, ನಾನೂ ಅಂದೆ. ಸಣಕಲು ಮೈ, ಉದ್ದ ಬೆರಳು, ದವಡೆಯಲ್ಲಿ ಸದಾ ಹೊಗೆಸೊಪ್ಪು. ಬಣ್ಣದ ವಿಷಯದಲ್ಲಿ ಅವರ ಮಾತೇ ಕೊನೆ. ಯಾರೇ ರೇಷ್ಮೆ ತರಲಿ, ಅದರ ಬಣ್ಣದ ಎಳೆಗಳ ಲಡಿಯನ್ನು ಮೊದಲು ಅವರ ಮುಂದೆ ಹಿಡಿಯುತ್ತಿದ್ದರು. ಅವರು ತಲೆ ಆಡಿಸಿದರೆ ಮಗ್ಗಕ್ಕೆ, ಮುಖ ತಿರುಗಿಸಿದರೆ ಬಣ್ಣದವನ ಮನೆಗೆ ವಾಪಸು.

ಆ ವರ್ಷ ಅವರ ಒಬ್ಬಳೇ ಮಗಳ ಮದುವೆ ಗೊತ್ತಾಗಿತ್ತು. ಮಗಳ ಧಾರೆ ಸೀರೆಯನ್ನು ತಾವೇ ನೇಯುತ್ತೇನೆ ಎಂದು ಅವಳು ಹುಟ್ಟಿದಾಗಿನಿಂದ ಹೇಳಿಕೊಂಡು ಬಂದವರು. ನಾವು ನೇಯ್ದದ್ದು ಊರೂರಿನ ಮದುವೆಗಳಿಗೆ ಹೋಗುತ್ತಿತ್ತೇ ಹೊರತು ನಮ್ಮ ಹೆಣ್ಣುಮಕ್ಕಳ ಮೈಮೇಲೆ ಬೀಳುತ್ತಿದ್ದದ್ದು ಕಡಿಮೆ. ಅದಕ್ಕೇ ಅವರಿಗೆ ಆ ಹಟ. ಕೆಂಪು ಅಂಚು, ಕೆಂಪು ಸೆರಗು, ಒಡಲು ಎಳೆ ಬಾಳೆಸುಳಿಯ ಬಣ್ಣ.

ನಮ್ಮ ಬೀದಿಯಲ್ಲಿ ಒಂದು ಕಟ್ಟಳೆ ಇತ್ತು. ಧಾರೆ ಸೀರೆಗೆ ಕೂರುವವನ ಮೈಮೇಲೆ ಹಸಿ ಗಾಯ ಇರಕೂಡದು. ಇದ್ದರೆ ಮಾಗುವ ತನಕ ಅವನು ಮಗ್ಗದಿಂದ ಏಳಬೇಕು, ಇನ್ನೊಬ್ಬನು ಕೂರಬೇಕು. ರೇಷ್ಮೆಗೆ ರಕ್ತ ತಾಗದಿರಲಿ ಎಂದು ಯಾರೋ ಮಾಡಿದ್ದು ಆಮೇಲೆ ದೇವರ ಮಾತಾಗಿ ಕೂತಿತ್ತು. ಗುಂಡಿ ಮಗ್ಗದವರಿಗೆ ಕೂರುವ ಜಾಗದಲ್ಲೇ ಕುರು ಏಳುವುದು ಹೊಸದಲ್ಲ. ಮಾವನಿಗೂ ಎದ್ದಿತ್ತು. ತಾನೇ ಒಡೆದು ಒಣಗುತ್ತಿದೆ ಎಂದು ಹೆಂಡತಿಯ ಹತ್ತಿರ, ನಾನು ಅತ್ತೆ ಎನ್ನುತ್ತಿದ್ದವರ ಹತ್ತಿರ, ಮಾತ್ರ ಹೇಳಿದ್ದರು. ಅರಿಶಿನ ಹಚ್ಚಿಕೊಳ್ಳುತ್ತೇನೆ ಎಂದು ದಿನಾ ಅವರ ಕೈಯಿಂದ ಅರಿಶಿನ ಇಸಿದುಕೊಳ್ಳುತ್ತಿದ್ದರು. ಪಂಚೆಯ ಮೇಲಿನ ಹಳದಿ ಕಲೆ ಒಗೆದು ಒಗೆದು ಆ ಅತ್ತೆಗೆ ಸಾಕಾಗಿತ್ತು.

ಮಗ್ಗದ ಮುಂದೆ ದಿನವೂ ಸಾಂಬ್ರಾಣಿ ಹೊಗೆ ಬೇರೆ. ಮಗಳ ಸೀರೆ ಅಂತ ಎಷ್ಟು ಭಕ್ತಿ ನೋಡಿ ಎಂದು ನಾವೆಲ್ಲ ಅಂದುಕೊಂಡೆವು.

ಮೊದಲು ಜಗಳವಾದದ್ದು ಬಣ್ಣ ಹಾಕುವ ಸಾಬರ ಜೊತೆ. ಅವರು ಸೆರಗಿಗೆ ಬೇಕಾದ ಕೆಂಪು ಲಡಿಗಳನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದರು. ಮಾವ ಒಂದನ್ನು ಎಳೆದುಕೊಂಡು ಕಣ್ಣ ಹತ್ತಿರ ಹಿಡಿದು, ದೂರ ಹಿಡಿದು, ಬೀದಿಗೆಲ್ಲ ಕೇಳುವಂತೆ ಅಂದರು:

"ಏನ್ ಸಾಬ್ರೇ, ಕೆಂಪು ಕೇಳಿದ್ರೆ ಇಟ್ಟಿಗೆ ತಂದೀರಲ್ಲ. ನನ್ ಮಗಳೇನು ಗೋಡೆ ಕಟ್ಟಕ್ಕೆ ಹೋಗ್ತಾಳಾ?"

"ಮಾಮಾ, ನಿಮ್ಮ ಮಗಳು ನನಗೂ ಮಗಳೇ. ಬಿಸಿಲಿಗೆ ಹಿಡಿದು ನೋಡಿ."

"ಎಲ್ಲಿಗೆ ಹಿಡಿದ್ರೂ ಅಷ್ಟೇ. ಇದ್ರಾಗೆ ಜೀವ ಇಲ್ಲ. ತಗೊಂಡ್ಹೋಗ್ರಿ."

ಸಾಬರು ತೆಗೆದುಕೊಂಡು ಹೋಗಿ ಮತ್ತೆ ಅದ್ದಿ ತಂದರು. ಮಾವ ಮತ್ತೆ ಮುಖ ತಿರುಗಿಸಿದರು. ತಮಾಷೆ ಎಂದರೆ, ಉಳಿದ ನೇಕಾರರೂ ಆ ಲಡಿಯನ್ನು ಹಿಡಿದು ನೋಡಿ ಹೌದು, ಸ್ವಲ್ಪ ಇಟ್ಟಿಗೆ ಬಣ್ಣವೇ ಎಂದರು. ಮಾವನ ಕಣ್ಣಿಗಿಂತ ತಮ್ಮ ಕಣ್ಣು ಹೆಚ್ಚೇ ಎಂದು ಅವರಿಗೆ ತಮ್ಮ ಮೇಲೇ ಅನುಮಾನ. ಕೆಲವರು ತಮ್ಮ ಲಡಿಗಳನ್ನೂ ಸಾಬರಿಗೆ ವಾಪಸು ಮಾಡಿದರು. ನನಗಂತೂ ಅಚ್ಚ ಕೆಂಪೇ ಕಂಡಿತು. ಹಾಗೆಂದು ಹೇಳಿದೆ ಕೂಡ. ರಾಟೆಯ ಮುಂದೆ ಕೂತ ಹೊಸ ಸೊಸೆಯ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

ಆಮೇಲೆ ಮಾವನಿಗೆ ಕಡಿದ ಎಳೆ ಹುಡುಕುವುದು ಕಷ್ಟವಾಯಿತು. ಮತ್ತೆ ಸ್ವಲ್ಪ ದಿನಕ್ಕೆ ಮನುಷ್ಯರ ಮುಖವೇ ಸಿಗದಾಯಿತು. ಒಂದು ದಿನ ಅವರ ಮನೆ ಹೊಸ್ತಿಲಲ್ಲಿ ನಾನು ನಿಂತಿದ್ದಾಗ, "ಯಾರಮ್ಮ ಅದು? ಕಿವಿ ಓಲೆ ಕಾಣ್ತೈತೆ, ಸೆರಗು ಕಾಣ್ತೈತೆ, ಮಧ್ಯದಾಗೆ ಹೊಗೆ" ಎಂದರು. ನಗುತ್ತಲೇ ಅಂದರು. ಕಣ್ಣಿಲ್ಲದ ನೇಕಾರನಿಗೆ ನಮ್ಮ ಬೀದಿಯಲ್ಲಿ ಜಗಲಿ ಬಿಟ್ಟು ಬೇರೆ ಜಾಗ ಇರಲಿಲ್ಲ. ಅವರಿಗೋ ಮಗಳನ್ನು ಆ ಸೀರೆಯಲ್ಲಿ ಕಣ್ಣಾರೆ ನೋಡಬೇಕಿತ್ತು.

ಅತ್ತೆ ದೃಷ್ಟಿ ತೆಗೆದರು. ಎಣ್ಣೆ ಬಿಟ್ಟರು. ನಾಯಕನಹಟ್ಟಿಯ ದೇವರಿಗೆ ಹರಕೆ ಹೊತ್ತರು. ಅಷ್ಟರಲ್ಲಿ ಚಳ್ಳಕೆರೆಯ ದವಾಖಾನೆಗೆ ಕಣ್ಣು ನೋಡುವ ಡಾಕ್ಟರೊಬ್ಬರು ಬಂದು ಕೆಲವು ದಿನ ಇರುತ್ತಾರೆ ಎಂದು ಸುದ್ದಿ ಬಂತು. ಅತ್ತೆಗೆ ಕನ್ನಡ ಅರ್ಥವಾಗುತ್ತಿತ್ತು, ಹೊರಗಿನವರ ಮುಂದೆ ಆಡಲು ನಾಚಿಕೆ. ಮಾವನದು ಸಂತೆಯ ಕನ್ನಡ. "ಕನ್ನಡದ ಸೊಸೆ ಬರಲಿ" ಎಂದರು ಅತ್ತೆ. ನನ್ನ ಗಂಡ ಬಂಡಿ ಕಟ್ಟಿದರು.

ದಾರಿಯುದ್ದಕ್ಕೂ ಮಾವ ಬಂಡಿಯಲ್ಲಿ ಒಂದೇ ಮಗ್ಗುಲಿಗೆ ಒರಗಿಕೊಂಡಿದ್ದರು. ತಳಕು ಊರಿನ ಹತ್ತಿರ ಎತ್ತು ಬಿಚ್ಚಿ ರೊಟ್ಟಿ ತಿನ್ನುವಾಗಲೂ ನಿಂತೇ ತಿಂದರು. ಕಂಕುಳಲ್ಲಿ ಒಂದು ಗಂಟು. ಅದರಲ್ಲಿ ಸಾಬರು ಕೊಟ್ಟ ಕೆಂಪು ಲಡಿಗಳು. ಚಳ್ಳಕೆರೆಯಲ್ಲಿ ಬೇರೆ ಬಣ್ಣದವರಿಗೆ ತೋರಿಸಿ ನ್ಯಾಯ ಕೇಳುತ್ತಾರಂತೆ. ಕಣ್ಣು ತೋರಿಸಲು ಹೊರಟವರು ಬಣ್ಣದ ಮೇಲೆ ದೂರು ಹೊತ್ತು ಹೊರಟಿದ್ದರು.

ದವಾಖಾನೆಯ ತುಂಬ ಆ ವಾಸನೆ... ಗೋಡೆ, ಬೆಂಚು, ಡಾಕ್ಟರ ಕೋಟು, ಎಲ್ಲದರಲ್ಲೂ. ಮಾವನ ಮೈಯಿಂದಲೂ ಅದೇ ಬರುತ್ತಿದ್ದರೆ ಅಲ್ಲಿ ಯಾರಿಗೆ ತಿಳಿಯಬೇಕು?

ಡಾಕ್ಟರು ನಡುವಯಸ್ಸಿನವರು, ಅವಸರವಿಲ್ಲದ ಮನುಷ್ಯ. ಕೋಣೆ ಕತ್ತಲು ಮಾಡಿ, ಪಕ್ಕದಲ್ಲಿ ದೀಪ ಇಟ್ಟು, ನಡುವೆ ತೂತಿರುವ ಪುಟ್ಟ ಕನ್ನಡಿ ಹಿಡಿದು ಮಾವನ ಕಣ್ಣೊಳಗೆ ಬಹಳ ಹೊತ್ತು ನೋಡಿದರು. ಆಮೇಲೆ ಕಿಟಕಿ ತೆರೆದು ಗಂಟಿನಲ್ಲಿ ಏನಿದೆ ಎಂದು ಕೇಳಿದರು. ಮಾವ ಹುರುಪಿನಿಂದ ಬಿಚ್ಚಿದರು.

"ನೀವೇ ಹೇಳ್ರಿ ಸ್ವಾಮಿ. ಇದು ಕೆಂಪಾ?"

ಡಾಕ್ಟರು ಮಾವನ ಎಡಗಣ್ಣನ್ನು ತಮ್ಮ ಅಂಗೈಯಿಂದ ಮುಚ್ಚಿ, ಲಡಿಯನ್ನು ಬಲಗಣ್ಣಿನ ಮುಂದೆ ಹಿಡಿದರು, ನೇರಕ್ಕಲ್ಲ, ಸ್ವಲ್ಪ ಓರೆಗೆ. ಮಾವ ನೋಡಿದರು. ಬಾಯಿ ತೆರೆಯಿತು. ಡಾಕ್ಟರು ಅದನ್ನು ಕಣ್ಣಿನ ನೇರಕ್ಕೆ ತಂದರು, ಮತ್ತೆ ಓರೆಗೆ ಒಯ್ದರು. ಎಡಗಣ್ಣಿಗೂ ಹಾಗೇ ಮಾಡಿದರು.

"ಓರೆಗೆ ಹಿಡಿದ್ರೆ ಕೆಂಪು," ಎಂದರು ಮಾವ ಮೆಲ್ಲಗೆ. "ನೇರಕ್ಕೆ ಬಂದ್ರೆ ಸಾಯ್ತೈತೆ. ಎಡಗಣ್ಣಿಗಂತೂ ಎಲ್ಲೂ ಕೆಂಪಿಲ್ಲ."

ಬಣ್ಣದಲ್ಲಿ ತಪ್ಪಿಲ್ಲ ಎಂದು ಯಾರೂ ಹೇಳಬೇಕಾಗಲಿಲ್ಲ. ಅವರು ಲಡಿಯನ್ನು ಮಡಚಿ ಗಂಟಿಗೆ ಸೇರಿಸಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಲಗಿದ ಕೂಸನ್ನು ಕೆಳಗಿಡುವ ಹಾಗೆ ಇಟ್ಟರು.

ಕಣ್ಣಿನಿಂದ ಮಿದುಳಿಗೆ ಹೋಗುವ ನರಕ್ಕೆ ಏನೋ ಆಗಿದೆ, ಅದು ಉರಿ ಹಿಡಿದಂತೆ ಕಾಣುತ್ತದೆ, ಯಾತಕ್ಕೆ ಎಂದು ತಿಳಿಯಬೇಕು ಎಂದರು ಡಾಕ್ಟರು. ಆಮೇಲೆ ಪ್ರಶ್ನೆಗಳು. ಜ್ವರ ಬಂದಿತ್ತಾ, ತಲೆಗೆ ಏಟು ಬಿದ್ದಿತ್ತಾ, ಹಲ್ಲು ಹುಳುಕಾ, ಮೂಗಿನಿಂದ ಕೀವು ಬರುತ್ತದಾ, ಹೆಂಡ ಕುಡಿಯುತ್ತೀರಾ. ಹೊಗೆಸೊಪ್ಪು ಎಂದಾಗ ಅತ್ತೆ ನನ್ನ ಬೆನ್ನ ಹಿಂದಿನಿಂದ, "ತಿನ್ತಾರೆ ಅಂತ ಹೇಳು, ದನ ಮೇಯ್ದಂಗೆ ತಿನ್ತಾರೆ ಅಂತ ಹೇಳು" ಎಂದು ತಿವಿದರು. ಹೇಳಿದೆ. ಅದು ಇವತ್ತಿಗೇ ನಿಲ್ಲಬೇಕು ಎಂದರು ಡಾಕ್ಟರು. ಆದರೆ ಅವರಿಗೆ ಅಷ್ಟಕ್ಕೇ ತೃಪ್ತಿಯಾದಂತೆ ಕಾಣಲಿಲ್ಲ.

"ಮೈಮೇಲೆ ಎಲ್ಲಾದರೂ ಕತ್ತಿ ಆಡಿದೆಯಾ? ಯಾರಾದರೂ ಕುಯ್ದಿದ್ದಾರಾ? ಡಾಕ್ಟರಾಗಲಿ, ಕ್ಷೌರದವನಾಗಲಿ."

"ಇಲ್ಲ."

"ಸಣ್ಣದೂ ಇಲ್ಲವಾ? ಹಲ್ಲು, ಗಂಟು, ಕುರು?"

"ಇಲ್ಲ ಸ್ವಾಮಿ. ಕಣ್ಣು ಇರೋದು ಮೇಲೆ. ಅದನ್ನ ನೋಡ್ರಿ ಅಂದ್ರೆ ಮೈಯೆಲ್ಲಾ ಯಾಕೆ ತಡಕ್ತೀರಿ?"

ಡಾಕ್ಟರು ಸಿಟ್ಟಾಗಲಿಲ್ಲ. ಕುಯ್ದ ಕಡೆ ರಕ್ತ ಬಹಳ ಹೋಗಿದ್ದರೂ ಕಣ್ಣಿಗೆ ಪೆಟ್ಟು, ಕೀವು ಒಳಗೇ ನಿಂತಿದ್ದರೂ ಪೆಟ್ಟು, ಅಲ್ಲಿಗೆ ಹಾಕಿದ ಔಷಧ ಮೈಗೆ ಏರಿದರೂ ಪೆಟ್ಟು, ಅದಕ್ಕೇ ಕೇಳುವುದು ಎಂದು ಬಿಡಿಸಿ ಹೇಳಿದರು. ನಾನು ಅಷ್ಟನ್ನೂ ತೆಲುಗಿನಲ್ಲಿ ಹೇಳಿದೆ. ಮಾವ ಕಿಟಕಿಯ ಕಡೆ ನೋಡುತ್ತಿದ್ದರು. ಕೂತುಕೊಳ್ಳಿ ಎಂದು ಡಾಕ್ಟರು ಮಣೆ ತೋರಿಸಿದರು. "ನಿಂತೇ ಅಭ್ಯಾಸ" ಎಂದರು ಮಾವ.

ನೇಕಾರನಿಗೆ ನಿಂತು ಅಭ್ಯಾಸವಂತೆ. ಡಾಕ್ಟರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ.

"ಇವರು ಮೈಗೆ ಏನಾದರೂ ಹಚ್ಚಿಕೊಳ್ಳುತ್ತಾರಾ, ಕೇಳಮ್ಮ" ಎಂದರು ಡಾಕ್ಟರು.

ಕೇಳುವ ಮೊದಲೇ ಅತ್ತೆ ಕನ್ನಡದಲ್ಲೇ, ಅದೂ ಗಟ್ಟಿಯಾಗಿ, "ಅರಿಶಿನ" ಎಂದುಬಿಟ್ಟರು. ಆಮೇಲೆ ತಲೆ ತಗ್ಗಿಸಿ ನನ್ನ ಕಿವಿಯಲ್ಲಿ ಕೂರೋ ಜಾಗದ ಕುರುವಿನ ವಿಷಯ ಹೇಳಿದರು. ನಾನು ಡಾಕ್ಟರಿಗೆ ಹೇಳಿದೆ. ಮಾವನ ಎದುರಿಗೆ ಆ ಮಾತು ಆಡುವುದು ನನಗೇನು ಸುಖವಲ್ಲ. ಕಣ್ಣಿಗಿಂತ ನಾಚಿಕೆ ದೊಡ್ಡದಾ ಎಂದು ಆಡಿದೆ.

ಡಾಕ್ಟರು ಎದ್ದು ಕಪಾಟಿನಿಂದ ಒಂದು ಗಾಜಿನ ಸೀಸೆ ತೆಗೆದು ಬಿರಡೆ ಬಿಚ್ಚಿ ಅತ್ತೆಯ ಮೂಗಿನ ಹತ್ತಿರ ಹಿಡಿದರು. ಒಳಗೆ ನಿಂಬೆಹಣ್ಣಿನ ಬಣ್ಣದ ಪುಡಿ.

"ಅವರ ಪಂಚೆಯಲ್ಲಿ ಬರೋದು ಅರಿಶಿನದ ವಾಸನೆನಾ, ಇದಾ?"

ಅತ್ತೆ ಮೂಸಿದರು. ಇನ್ನೊಮ್ಮೆ ಮೂಸಿದರು. ಗಂಡನ ಕಡೆ ತಿರುಗಿ, "ಇದೇ" ಎಂದರು.

ಮಾವ ಕಣ್ಣು ಮುಚ್ಚಿಕೊಂಡರು. ಆ ಕೋಣೆಯಲ್ಲಿ ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕಳಿಸಿ ಗಾಯ ನೋಡಿದರು.

ಸಂಗತಿ ಇಷ್ಟೇ. ಮಗಳ ಸೀರೆಗೆ ಮಗ್ಗದ ಮೇಲೆ ಹಾಸು ಹೂಡುವ ಮೊದಲು, ರೇಷ್ಮೆ ತರಲು ಹೋಗುತ್ತೇನೆ ಎಂದು ಹೇಳಿ ಗಡಿಯಾಚೆಯ ತೆಲುಗು ಸೀಮೆಗೆ ಹೋಗಿ ಯಾರೋ ಡಾಕ್ಟರ ಹತ್ತಿರ ಕುರು ಕುಯ್ಯಿಸಿಕೊಂಡಿದ್ದರು. ಅದು ಆಳಕ್ಕೆ ಇಳಿದಿತ್ತು. ಆ ಡಾಕ್ಟರು ಪುಡಿ ಕೊಟ್ಟು, ಚಿಟಿಕೆಯಷ್ಟೇ, ಸ್ವಲ್ಪ ದಿನ, ಮತ್ತೆ ಬಂದು ತೋರಿಸಿ ಎಂದಿದ್ದರು. ಪುಡಿ ಹಾಕಿದರೆ ಗಾಯ ಒಣಗಿದ ಹಾಗಿರುತ್ತಿತ್ತು, ಮಗ್ಗಕ್ಕೆ ಕೂರಬಹುದಾಗಿತ್ತು. ಮಾವ ತೋರಿಸಲು ಹೋಗಲೇ ಇಲ್ಲ, ಪುಡಿ ಮಾತ್ರ ತರಿಸುತ್ತಲೇ ಹೋದರು. ಕೂತಷ್ಟೂ ಗಾಯ ಬಾಯಿ ಬಿಟ್ಟಿತು, ಬಾಯಿ ಬಿಟ್ಟಷ್ಟೂ ಪುಡಿ ತುಂಬಿದರು. ಸಾಂಬ್ರಾಣಿ ಯಾತಕ್ಕೆ ಎಂದು ಈಗ ಹೇಳಬೇಕಾಗಿಲ್ಲ.

ಪುಡಿ ನಿಲ್ಲಬೇಕು, ಗಾಯವನ್ನು ದಿನಾ ಬಿಸಿನೀರಿನಲ್ಲಿ ತೊಳೆಯಬೇಕು, ಮಾಗುವ ತನಕ ಮಗ್ಗಕ್ಕೆ ಕೂರುವಂತಿಲ್ಲ ಎಂದರು ಡಾಕ್ಟರು. ಕಣ್ಣು ಬರುತ್ತದಾ ಎಂದು ನಾನೇ ಕೇಳಿದೆ.

"ಬೇಗ ಬಂದಿದ್ದೀರಿ. ಬರಬಹುದು. ಎಲ್ಲವೂ ಬರುತ್ತದೆ ಎಂದು ಮಾತ್ರ ಹೇಳಲಾರೆ" ಎಂದರು. ಸುಳ್ಳು ಹೇಳದ ಮನುಷ್ಯ. ನನಗೆ ಹಿಡಿಸಿತು.

ಬಂಡಿ ಊರು ದಾಟಿತು. ಅತ್ತೆ ಶುರು ಮಾಡಿದರು.

"ದಿನಾ ಅರಿಶಿನ ಕೊಡ್ತಿದ್ನಲ್ಲ, ಅದನ್ನೇನ್ ಮಾಡಿದ್ರಿ?"

ಮಾವ ಗಂಟನ್ನು ಕಂಕುಳಿಗೆ ಒತ್ತಿಕೊಂಡರು.

"ಕೇಳಿದ್ದಕ್ಕೆ ಹೇಳ್ರಿ. ದೇವರ ಮುಂದೆ ಇಟ್ಟು ಕೊಡ್ತಿದ್ದೆ ನಾನು."

"ಹಿತ್ತಲಿನ ನುಗ್ಗೆ ಬುಡಕ್ಕೆ ಸುರೀತಿದ್ದೆ."

"ಅದಕ್ಕೇ ಈ ಸಲ ನುಗ್ಗೆಗೆ ಒಂದು ಹುಳ ಇಲ್ಲ" ಎಂದರು ಅತ್ತೆ.

ಮುಂದೆ ಕೂತಿದ್ದ ನನ್ನ ಗಂಡ ಎತ್ತಿಗೆ ಏನೋ ಹೇಳುವವರ ಹಾಗೆ ಮುಖ ತಿರುಗಿಸಿಕೊಂಡು ನಕ್ಕರು. ಕೊನೆಗೆ ಮಾವನೂ ನಕ್ಕರು. ಅತ್ತೆ ನಗಲಿಲ್ಲ. ನನ್ನ ಕೈ ಹಿಡಿದುಕೊಂಡು ಮಲಗಿದರು.

ಮರುದಿನ ಮೊಳಕಾಲ್ಮೂರಿಗೆ ಬಂದಾಗ ಇನ್ನೂ ಬಿಸಿಲಿತ್ತು. ಮೊದಲು ಬಂಡಿಯನ್ನು ಸಾಬರ ಮನೆ ಮುಂದೆ ನಿಲ್ಲಿಸಿ ಎಂದರು ಮಾವ. ಅಕ್ಕಪಕ್ಕದವರು ನೋಡುತ್ತಿರುವಂತೆಯೇ ಇಳಿದು, "ಸಾಬ್ರೇ, ಕೆಟ್ಟಿದ್ದು ನಿಮ್ಮ ಬಣ್ಣ ಅಲ್ಲ, ನನ್ನ ಕಣ್ಣು" ಎಂದರು. ಸಾಬರು ಬಣ್ಣದ ಕೈಯನ್ನು ಒರೆಸಿಕೊಳ್ಳುತ್ತ ಬಂದರು.

"ಕಣ್ಣು ಬರ್ತೈತೆ ಮಾಮಾ. ಬಣ್ಣಕ್ಕೇನ್ ಅವಸರ ಐತೆ, ಕಾಯ್ತೈತೆ."

ಮನೆಗೆ ಬಂದ ಮೇಲೆ ಹಿರಿಯರನ್ನು ಕರೆಸಿ ಮಾವ ತಾವೇ ಎಲ್ಲ ಹೇಳಿದರು. ಒಬ್ಬರು, ನೇಯ್ದದ್ದನ್ನು ಕತ್ತರಿಸಿ ಹಾಕಬೇಕಾಗುತ್ತದೆ ಎಂದು ರಾಗ ಎಳೆದರು. ಅತ್ತೆ ಒಳಗಿನಿಂದಲೇ, "ಶಿಕ್ಷೆ ಆಗಬೇಕಾದ್ದು ಅವರ ಕಣ್ಣಿಗೆ ಆಗೈತೆ, ಸೀರೆ ಏನ್ ಮಾಡೈತೆ?" ಎಂದರು. ನೇಯ್ದದ್ದು ಇರಲಿ, ಉಳಿದದ್ದನ್ನು ಬೇರೆಯವರು ಮುಗಿಸಲಿ ಎಂದು ತೀರ್ಮಾನವಾಯಿತು. ಆಗ ಮಾವ ತಲೆಯೆತ್ತಿದರು.

"ಈ ಬೀದಿ ಗಂಡಸರು ಯಾರೂ ನನ್ನ ಮಗ್ಗಕ್ಕೆ ಕೂರಬ್ಯಾಡ್ರಿ. ಸೀರೆ ಅರ್ಧಕ್ಕೇ ಇರಲಿ. ಮಗಳು ಬೇರೆ ಉಟ್ಕೊಂತಾಳೆ."

ಮಗ್ಗದ ಮೇಲೆ ಹಳೇ ಪಂಚೆ ಹೊದಿಸಿ ಬಂದು ಜಗಲಿಯ ಮೇಲೆ ಮಗ್ಗುಲಾಗಿ ಮಲಗಿದರು.

ಕಣ್ಣು ಬಂತು. ಮೆಲ್ಲಮೆಲ್ಲಗೆ, ಹೊಗೆ ತೆಳುವಾದ ಹಾಗೆ. ಮೊದಲು ಮುಖಗಳು, ಆಮೇಲೆ ಎಳೆಗಳು. ಮಗಳ ಮದುವೆಯಲ್ಲಿ ಅವಳನ್ನು ನೋಡಿದರು, ಚೆನ್ನಾಗಿಯೇ ನೋಡಿದರು. ಎಡಗಣ್ಣಿಗೆ ಮಾತ್ರ ಕೆಂಪು ತಿರುಗಿ ಬರಲಿಲ್ಲ. ಆಮೇಲೆ ಸಾಯುವವರೆಗೂ ಲಡಿ ನೋಡುವಾಗ ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲೇ ನೋಡುತ್ತಿದ್ದರು. ಸೀರೆ ಕೊಳ್ಳಲು ಹೊರಗಿನಿಂದ ಬಂದ ಹೆಂಗಸೊಬ್ಬಳು, ಈ ಮುದುಕ ತನಗೆ ಕಣ್ಣು ಹೊಡೆದ ಎಂದು ರಂಪ ಮಾಡಿದ್ದೂ ಇದೆ. ಅತ್ತೆಯೇ ಹೋಗಿ ಸಮಾಧಾನ ಮಾಡಿದರು. ಅದನ್ನು ಹೇಳಿಕೊಂಡು ನಾವು ಬಹಳ ವರ್ಷ ನಕ್ಕೆವು.

ಈಗ ನಗಲು ಜೊತೆಗೆ ಯಾರೂ ಇಲ್ಲ. ಮಾವ ಹೋದರು, ಅತ್ತೆ ಹೋದರು, ಸಾಬರೂ, ನನ್ನ ಗಂಡನೂ... ಎದುರುಮನೆಯಲ್ಲಿ ಬೇರೆ ಊರಿನವರಿದ್ದಾರೆ. ಮಗ್ಗದ ಗುಂಡಿಗೆ ಮಣ್ಣು ತುಂಬಿ ಗಾರೆ ಹಾಕಿದ್ದಾರೆ, ಅಲ್ಲಿ ಅಕ್ಕಿ ಮೂಟೆ ಇಡುತ್ತಾರೆ. ಒಳ್ಳೆಯವರು, ಕರೆದು ಕಾಫಿ ಕೊಡುತ್ತಾರೆ. ಆ ಮೂಟೆಯ ಕಡೆ ಮುಖ ಮಾಡಿ ಕೂರಲು ಮಾತ್ರ ನನಗೆ ಆಗುವುದಿಲ್ಲ, ಬೆನ್ನು ಹಾಕಿ ಕೂರುತ್ತೇನೆ.

ಮದುವೆಯಲ್ಲಿ ಆ ಹುಡುಗಿ ಉಟ್ಟದ್ದು ಅದೇ ಸೀರೆ. ಅರ್ಧಕ್ಕೆ ನಿಂತದ್ದು ಮುಗಿದದ್ದು ಹೇಗೆ ಎಂದು ಹೇಳಿ ಮುಗಿಸುತ್ತೇನೆ. ನನ್ನ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ನನ್ನಿವಾಳದಲ್ಲಿ ಅವನ ಮಗ್ಗಕ್ಕೆ ಕೂತು ಬೆಳೆದವಳು ನಾನು. ಮದುವೆಯಾದ ಮೇಲೆ ಮುಟ್ಟಿರಲಿಲ್ಲ, ಆ ಬೀದಿಯಲ್ಲಿ ಹೆಂಗಸರಿಗೆ ರಾಟೆ, ಗಂಡಸರಿಗೆ ಮಗ್ಗ. ಚಳ್ಳಕೆರೆಯಿಂದ ಬಂದ ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಎದುರುಮನೆಗೆ ಹೋದೆ. ಪಂಚೆ ತೆಗೆದು ಮಡಚಿಟ್ಟೆ. ಗುಂಡಿಗೆ ಇಳಿದು ಕೂತೆ. ಅತ್ತೆ ಅಂಚಿನ ಲಾಳಿ ಎಸೆಯಲು ಪಕ್ಕಕ್ಕೆ ಬಂದು ಕೂತರು. ಮೊದಲ ಎಳೆ ಹಾಯಿಸಿ, ಅದು ಬಿಗಿಯಾಗಿ ಕೂರುವಂತೆ ಹಲಗೆ ಎಳೆದು ಹೊಡೆದೆ. ಸದ್ದಿಗೆ ಮಾವ ಗೋಡೆ ಹಿಡಿದುಕೊಂಡು ಬಂದರು.

"ಯಾರದು?"

"ನಾನು ಮಾವ."

"ಏಳು ಮೇಲೆ. ಯಾರೂ ಕೂರಬಾರ್ದು ಅಂದಿದ್ನಲ್ಲ."

"ಗಂಡಸರು ಯಾರೂ ಕೂರಬಾರ್ದು ಅಂದ್ರಿ."

ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ, ಅವರ ಮುಖ ನನಗೆ ಕಾಣುತ್ತಿತ್ತು.

"ಹೊಡೆತ ಮೆತ್ತಗಾಯ್ತು" ಎಂದರು. "ಇನ್ನೊಂದು ಸಲ ಹೊಡಿ."

ಹೊಡೆದೆ.